ಇಂಜಿನ್ ಕೆಲಸ: ಹೊಸೂರು ಗಡಿಯ ಟೂ-ಸ್ಟ್ರೋಕ್ ಬೈಕುಗಳ ದುರಸ್ತಿ ಮತ್ತು ಅದರ ಭಾಷೆ

ಮೋಟಾರ್ ಸೈಕಲ್ಲಿನ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಕಾರ್ಖಾನೆಯ ಬಾಗಿಲಲ್ಲಿ ನಿಂತು ಬರೆದಿದ್ದಾರೆ. ಯಾವ ವರ್ಷ ಯಾವ ಮಾದರಿ ಹೊರಬಿತ್ತು, ಅದರ ಅಶ್ವಶಕ್ತಿ ಎಷ್ಟು, ಅದು ಎಷ್ಟು ಕಾಲ ಮಾರಾಟದಲ್ಲಿತ್ತು ಎಂಬಲ್ಲಿಗೆ ಆ ಚರಿತ್ರೆ ಮುಗಿಯುತ್ತದೆ. ಆದರೆ ಈ ದೇಶದಲ್ಲಿ ಯಂತ್ರವೊಂದರ ಆಯುಷ್ಯದ ಬಹುಪಾಲು ಕಳೆಯುವುದು ಆಮೇಲೆ, ಎರಡನೆಯ, ಮೂರನೆಯ, ನಾಲ್ಕನೆಯ ಒಡೆಯನ ಕೈಯಲ್ಲಿ. ಆ ಕಾಲದ ದಾಖಲೆ ಕಾರ್ಖಾನೆಯಲ್ಲಿ ಇರುವುದಿಲ್ಲ. ಅದು ಗ್ಯಾರೇಜಿನಲ್ಲಿರುತ್ತದೆ, ಅಲ್ಲಿಯೂ ಕಾಗದದ ಮೇಲಲ್ಲ, ಮಾತಿನಲ್ಲಿ. ಟೂ-ಸ್ಟ್ರೋಕ್ ಬೈಕುಗಳ ಮಟ್ಟಿಗೆ ಹೊಸೂರು ಸೀಮೆ ಇದಕ್ಕೆ ಒಳ್ಳೆಯ ನಿದರ್ಶನ. ತಯಾರಿಕೆ ಮತ್ತು ದುರಸ್ತಿ ಎರಡೂ ಅಲ್ಲಿ ಒಂದೇ ಊರಿನ ಉಸಿರಾಗಿದ್ದವು. ತಯಾರಿಕೆಯ ಭಾಷೆ ಒಂದು, ದುರಸ್ತಿಯ ಭಾಷೆ ಇನ್ನೊಂದಾಗಿತ್ತು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂದಿತು, ಹೊಸೂರು ಮದ್ರಾಸಿನಲ್ಲೇ ಉಳಿಯಿತು. ಕನ್ನಡ, ತೆಲುಗು, ತಮಿಳು, ದಖನಿ ಉರ್ದು ಈ ನಾಲ್ಕೂ ಸಂತೆಯಲ್ಲಿ ಕೇಳಿಬರುವ ತಾಲ್ಲೂಕು ಅದು. ಬೆಂಗಳೂರು ನಲವತ್ತು ಕಿಲೋಮೀಟರ್ ಆಸುಪಾಸು. ರಾಜಧಾನಿಯಾದ ಚೆನ್ನೈ ಅದರ ಏಳೆಂಟು ಪಾಲು ದೂರ. ತಮಿಳುನಾಡು ಸರಕಾರ ಇಲ್ಲಿ ಸಿಪ್ಕಾಟ್ ಕೈಗಾರಿಕಾ ವಸಾಹತನ್ನು ಬೆಳೆಸಿದ್ದಕ್ಕೆ ಈ ಸಾಮೀಪ್ಯವೇ ಒಂದು ದೊಡ್ಡ ಕಾರಣ. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಮೊಪೆಡ್ ಬಂದಿತು. ಜಪಾನಿನ ಸುಜುಕಿಯೊಡನೆ ಒಪ್ಪಂದವಾಗಿ, 1984ರಲ್ಲಿ ಇಂಡ್-ಸುಜುಕಿ ಎಎಕ್ಸ್100 ಬೈಕು ಹೊರಬಿತ್ತು. ಮುಂದೆ ಕಂಪನಿ ಟಿವಿಎಸ್-ಸುಜುಕಿ ಎಂದು ಹೆಸರು ಬದಲಿಸಿಕೊಂಡಿತು. ಸಮುರಾಯ್, 1993ರಲ್ಲಿ ಶೋಗನ್, ಬಳಿಕ ಶಾವೊಲಿನ್ ಬಂದವು. ಇದೇ ಹೊಸೂರು ರಸ್ತೆಯ ಬೆಂಗಳೂರು ತುದಿಯಲ್ಲಿ, ಆಡುಗೋಡಿಯಲ್ಲಿ, 1951ರಲ್ಲಿ ಹುಟ್ಟಿದ ಮೈಕೊ ಸ್ಪಾರ್ಕ್ ಪ್ಲಗ್ ತಯಾರಿಸುತ್ತಿತ್ತು. ಒಂದೇ ರಸ್ತೆಯ ಒಂದು ತುದಿಯಲ್ಲಿ ಕಿಡಿ, ಇನ್ನೊಂದು ತುದಿಯಲ್ಲಿ ಇಂಜಿನ್. ನಡುವೆ ಅತ್ತಿಬೆಲೆಯ ಗಡಿ.

ಕನ್ನಡ ನಾಡಿಗೆ ಟೂ-ಸ್ಟ್ರೋಕ್ ಬೈಕು ಹೊಸೂರಿಗಿಂತ ಮೊದಲೇ ಪರಿಚಿತವಾಗಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯಾದ ವಿನ್ಯಾಸದ ಜಾವಾ 250 ಬೈಕನ್ನು ತಯಾರಿಸಲು ತೊಡಗಿತು. ಎಪ್ಪತ್ತರ ದಶಕದಲ್ಲಿ ಅದರ ಹೆಸರು ಯೆಜ್ದಿಯಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ ಹೊಡೆಯುವ ಸನ್ನೆಯೇ ಮುಂದಕ್ಕೆ ಮಡಚಿದಾಗ ಗೇರಿನ ಸನ್ನೆಯೂ ಆಗುವ ಏರ್ಪಾಡು: ಇವು ಒಂದು ತಲೆಮಾರಿನ ಮೆಕ್ಯಾನಿಕ್ಕುಗಳಿಗೆ ಮೊದಲ ಪಾಠ. ಈರೋಡಿಗಿಂತ ಚಾಮರಾಜನಗರಕ್ಕೆ ಎಷ್ಟೋ ಹತ್ತಿರವಿರುವ ತಾಳವಾಡಿಯಂಥ ಕಡೆಗೂ ಬಿಡಿಭಾಗ ಬರಬೇಕಾದದ್ದು ಮೈಸೂರಿನ ದಿಕ್ಕಿನಿಂದಲೇ.

ವೇಗದ ಬೈಕು ಎಂಬ ಕಲ್ಪನೆ ಬೇರೆ ಕಡೆಯಿಂದ ಬಂದಿತು. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಾಹಾದ ಆರ್‌ಡಿ350ನ್ನು ರಾಜದೂತ್ 350 ಎಂಬ ಹೆಸರಿನಲ್ಲಿ ತಂದಿತು. 347 ಸಿಸಿ, ಎರಡು ಸಿಲಿಂಡರ್, ಎರಡು ಕಾರ್ಬೊರೇಟರ್, ಆರು ಗೇರು. ಮೊದಲು ಬಂದ ಹೈ ಟಾರ್ಕ್ ಮಾದರಿಗೆ 30.5 ಅಶ್ವಶಕ್ತಿ, ಪೆಟ್ರೋಲು ಉಳಿಸಲೆಂದು ತಗ್ಗಿಸಿದ ಲೋ ಟಾರ್ಕಿಗೆ 27. ಅಂದಿನ ರಸ್ತೆಗೂ ಅಂದಿನ ಸಂಬಳಕ್ಕೂ ಅದು ಅತಿಯಾಯಿತು. 1985ರ ಕೊನೆಗೆ ಬಂದ ಯಮಾಹಾ ಆರ್‌ಎಕ್ಸ್100 ಆ ವೇಗವನ್ನು ಸಾಮಾನ್ಯನ ಅಳತೆಗೆ ಇಳಿಸಿತು: 98 ಸಿಸಿ, 11 ಅಶ್ವಶಕ್ತಿ, ನೂರು ಕಿಲೋಗ್ರಾಂ ಆಸುಪಾಸಿನ ತೂಕ. ಹೊಸೂರಿನ ಶೋಗನ್ 108 ಸಿಸಿಯಲ್ಲಿ ಸುಮಾರು 14 ಅಶ್ವಶಕ್ತಿಯೊಡನೆ ಅದಕ್ಕೆ ಎದುರು ನಿಂತಿತು. ಚೆನ್ನೈ ಬಳಿಯ ಶೋಲಾವರಂನ ಹಳೆಯ ವಿಮಾನಪಟ್ಟಿಯ ಮೇಲೆ, 1990ರ ಬಳಿಕ ಇರುಂಗಾಟ್ಟುಕೋಟ್ಟೈ ಪಥದ ಮೇಲೆ ನಡೆದ ರೇಸುಗಳು ಈ ಪೈಪೋಟಿಯನ್ನು ಬೆಳೆಸಿದವು. ರೇಸಿಗಾಗಿ ಕಲಿತ ಕೈಚಳಕ, ಅಂದರೆ ಪೋರ್ಟು ಉಜ್ಜುವುದು, ಹೆಡ್ಡು ತಗ್ಗಿಸುವುದು, ಸೈಲೆನ್ಸರ್ ಬದಲಿಸುವುದು, ವಾರದ ದಿನಗಳಲ್ಲಿ ಊರಿನ ಗ್ಯಾರೇಜಿಗೂ ಇಳಿದುಬಂದಿತು.

ಈ ಇಂಜಿನ್ನಿನ ತತ್ತ್ವವನ್ನು ಸಂಕ್ಷೇಪವಾಗಿ ಹೇಳದಿದ್ದರೆ ಮುಂದಿನ ಮಾತು ಅರ್ಥವಾಗದು. ಇಂಗ್ಲೆಂಡಿನ ಜೋಸೆಫ್ ಡೇ 1890ರ ಆಸುಪಾಸಿನಲ್ಲಿ ರೂಪಿಸಿದ ವಿಧಾನದಲ್ಲಿ ವಾಲ್ವುಗಳ ಬದಲು ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿರುತ್ತವೆ. ಪಿಸ್ಟನ್ನೇ ಅವನ್ನು ತೆರೆದು ಮುಚ್ಚುತ್ತದೆ. ಪೆಟ್ರೋಲು, ಗಾಳಿ, ಎಣ್ಣೆಗಳ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್ ಕೋಣೆಗೆ ಬಂದು, ಅಲ್ಲಿ ಒತ್ತಿಸಿಕೊಂಡು, ಮೇಲಕ್ಕೆ ಹೋಗುತ್ತದೆ. ಹಾಗಾಗಿ ಬೇರಿಂಗು, ಪಿಸ್ಟನ್ನು, ರಿಂಗು ಎಲ್ಲಕ್ಕೂ ಸಿಗುವ ಎಣ್ಣೆ ಪೆಟ್ರೋಲಿನೊಡನೆ ಬಂದು ಸುಟ್ಟುಹೋಗುವ ಎಣ್ಣೆ ಮಾತ್ರ. ಜಾವಾ, ಯೆಜ್ದಿಗಳಲ್ಲಿ ಅದನ್ನು ಟ್ಯಾಂಕಿಗೇ ಬೆರೆಸಬೇಕಿತ್ತು. ಯಮಾಹಾ 1964ರಲ್ಲಿ ಮೊದಲು ತಂದ ಆಟೊಲ್ಯೂಬ್ ಪಂಪು ಆರ್‌ಡಿ350, ಆರ್‌ಎಕ್ಸ್100ಗಳಲ್ಲಿ ಆ ಕೆಲಸವನ್ನು ತಾನೇ ಮಾಡಿತು. ಇನ್ನು ವೇಗದ ಗುಟ್ಟು ಸೈಲೆನ್ಸರಿನದು. ಹೊರಟ ಹೊಗೆಯ ಒತ್ತಡದ ಅಲೆ ಮರಳಿ ಬಂದು, ತಪ್ಪಿಸಿಕೊಳ್ಳುತ್ತಿರುವ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಹಿಂದಕ್ಕೆ ತಳ್ಳುವಂತೆ ನಳಿಗೆಯನ್ನು ಉಬ್ಬಿಸಿ ಕುಗ್ಗಿಸುವ ವಿದ್ಯೆಯನ್ನು ಪೂರ್ವ ಜರ್ಮನಿಯ ಎಂಜಡ್ ಕಾರ್ಖಾನೆಯ ವಾಲ್ಟರ್ ಕಾಡೆನ್ ಪಳಗಿಸಿದರು. ಅವರ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ಪಂದ್ಯದ ವೇಳೆ ಪಶ್ಚಿಮಕ್ಕೆ ತಪ್ಪಿಸಿಕೊಂಡು ಸುಜುಕಿಯನ್ನು ಸೇರಿದರು. ಮರುವರ್ಷವೇ ಸುಜುಕಿಗೆ 50 ಸಿಸಿ ವಿಶ್ವ ಪ್ರಶಸ್ತಿ ದೊರೆಯಿತು. ಶೀತಲ ಸಮರದ ಒಂದು ಪಲಾಯನದ ಎಳೆ ಎರಡು ದಶಕಗಳ ಬಳಿಕ ಸುಜುಕಿಯ ಹೆಸರಿನೊಡನೆ ಹೊಸೂರಿನವರೆಗೂ ಚಾಚಿತೆನ್ನುವುದು ತೀರ ಅತಿಶಯೋಕ್ತಿಯಾಗಲಾರದು.

ಬಿಡಿಭಾಗ ಕಡಿಮೆಯಾದ್ದರಿಂದ ಟೂ-ಸ್ಟ್ರೋಕನ್ನು ಮರದ ಕೆಳಗೂ ಬಿಚ್ಚಬಹುದು. ಎಣ್ಣೆ ಅಷ್ಟಕ್ಕಷ್ಟೇ ಆದ್ದರಿಂದ ಅದನ್ನು ಮತ್ತೆ ಮತ್ತೆ ಬಿಚ್ಚಲೇಬೇಕು. ಗ್ಯಾರೇಜಿನ ಕನ್ನಡದಲ್ಲಿ ಇದಕ್ಕಿರುವ ಹೆಸರು ‘ಇಂಜಿನ್ ಕೆಲಸ’. ಗಾಡಿ ‘ಇಂಜಿನ್ ಕೆಲಸಕ್ಕೆ ಬಂದಿದೆ’ ಎಂದರೆ ಸಿಲಿಂಡರ್, ಪಿಸ್ಟನ್, ಬಹುಶಃ ಕ್ರ್ಯಾಂಕ್ ಕೂಡ ಹೊರಗೆ ಬರಬೇಕಾಗಿದೆ ಎಂದರ್ಥ.

ಕೆಲಸ ಆರಂಭವಾಗುವುದು ಪಾನಾದಿಂದಲ್ಲ, ಕಿವಿಯಿಂದ. ಪಿಸ್ಟನ್ನು ಸಿಲಿಂಡರಿನಲ್ಲಿ ಸಡಿಲವಾಗಿದ್ದರೆ ತಣ್ಣಗಿರುವಾಗ ‘ಟಕಟಕ’ ಎಂದು ಬಡಿದು, ಬಿಸಿಯಾದ ಮೇಲೆ ತಗ್ಗುತ್ತದೆ. ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯ ಬೇರಿಂಗ್ ಹೋದರೆ ಬಿಸಿಯಾದ ಮೇಲೂ ಸದ್ದು ತಗ್ಗದು, ಭಾರ ಬಿದ್ದಾಗ ‘ಕಟಕಟ’ ಎಂದು ಹೆಚ್ಚುತ್ತದೆ. ಕ್ರ್ಯಾಂಕಿನ ಪಕ್ಕದ ಬೇರಿಂಗ್ ಸವೆದಿದ್ದರೆ ವೇಗದೊಡನೆ ಏರುವ ‘ಗುಂಯ್’ ಸದ್ದು ಕಾಲಿಡುವ ಕಂಬಿಗೂ ಹರಿಯುತ್ತದೆ. ಮುಂದಿನದು ಕಣ್ಣು ಮತ್ತು ಮೂಗು. ಪ್ಲಗ್ಗಿನ ತುದಿ ಕಾಫಿ ಬಣ್ಣಕ್ಕಿದ್ದರೆ ಸರಿ. ಬೂದಿಯಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚಾಗಿದೆ, ಕಪ್ಪಗೆ ಜಿಡ್ಡಾಗಿದ್ದರೆ ಎಣ್ಣೆ ಹೆಚ್ಚಾಗಿದೆ. ಕ್ಲಚ್ಚಿನ ಕಡೆಯ ಆಯಿಲ್ ಸೀಲ್ ಒಡೆದರೆ ಇಂಜಿನ್ ಗೇರ್‌ಬಾಕ್ಸಿನ ಎಣ್ಣೆಯನ್ನು ಹೀರಿ ದಟ್ಟ ಬಿಳಿ ಹೊಗೆ ಉಗುಳುತ್ತದೆ. ಮ್ಯಾಗ್ನೆಟ್ಟಿನ ಕಡೆಯ ಸೀಲ್ ಒಡೆದರೆ ಹೊಗೆಯೇ ಇಲ್ಲ. ಅಪಾಯ ಇರುವುದು ಇಲ್ಲಿ. ಆ ದಾರಿಯಿಂದ ಬರಿಯ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕೂಗುತ್ತಲೇ ಇರುತ್ತದೆ, ಕೊನೆಗೊಂದು ದಿನ ಹೆದ್ದಾರಿಯ ಮೇಲೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಹಿಂದಿನ ಚಕ್ರ ನಿಂತೇಬಿಡುತ್ತದೆ. ಎಡಗೈಯ ಎರಡು ಬೆರಳನ್ನು ಸದಾ ಕ್ಲಚ್ಚಿನ ಮೇಲಿಟ್ಟು ಓಡಿಸುವ ಹಳೆಯ ಸವಾರರ ಅಭ್ಯಾಸ ಈ ಭಯದಿಂದ ಹುಟ್ಟಿದ್ದು.

ಹೀಗೆ ಹಿಡಿದುಕೊಂಡ ಪಿಸ್ಟನ್ನನ್ನು ಓದುವುದೂ ಒಂದು ವಿದ್ಯೆ. ಗೀರು ಹೊಗೆ ಹೊರಡುವ ಕಡೆ ಮಾತ್ರ ಇದ್ದರೆ ಎಣ್ಣೆ ಸಾಲದೆ ಹೋಗಿರಬೇಕು, ಇಲ್ಲವೇ ಮಿಶ್ರಣ ತೆಳುವಾಗಿರಬೇಕು. ಸುತ್ತ ನಾಲ್ಕು ಕಡೆ ಸಮನಾಗಿ ಇದ್ದರೆ ಪಿಸ್ಟನ್ನು ಸಿಲಿಂಡರಿಗಿಂತ ಬೇಗ ಹಿಗ್ಗಿದೆ: ಒಂದೋ ಬೋರ್ ಮಾಡಿದವನು ಸಂದು ಬಿಟ್ಟಿಲ್ಲ, ಅಥವಾ ಸವಾರ ಇಂಜಿನ್ ಕಾಯುವ ಮುನ್ನವೇ ಆತುರಪಟ್ಟಿದ್ದಾನೆ. ಕಾರಣ ತಿಳಿಯದೆ ಹೊಸ ಪಿಸ್ಟನ್ ಹಾಕಿದವನ ಗಾಡಿ ತಿಂಗಳೊಳಗೆ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ.

ಎಎಕ್ಸ್100, ಆರ್‌ಎಕ್ಸ್100 ಎರಡರದೂ ಒಂದೇ ಅಳತೆ: 50 ಮಿಲಿಮೀಟರ್ ವ್ಯಾಸ, 50 ಮಿಲಿಮೀಟರ್ ಸ್ಟ್ರೋಕ್. ಪಿಸ್ಟನ್ನಿಗೂ ಗೋಡೆಗೂ ನಡುವೆ ಇರಬೇಕಾದ ಸಂದು ಮಿಲಿಮೀಟರಿನ ನೂರನೆಯ ನಾಲ್ಕು ಭಾಗದಷ್ಟು. ಗೋಡೆ ಸವೆದಾಗ ಸಿಲಿಂಡರನ್ನು ಲೇತಿನ ಅಂಗಡಿಗೆ ಒಯ್ದು ಕಾಲು ಮಿಲಿಮೀಟರ್ ಹಿಗ್ಗಿಸಿ, ಅದಕ್ಕೆ ಹೊಂದುವ ದಪ್ಪ ಪಿಸ್ಟನ್ ಹಾಕುತ್ತಾರೆ. ಸಾಮಾನ್ಯವಾಗಿ 0.25, 0.50, 0.75, 1.00 ಹೀಗೆ ನಾಲ್ಕು ಹೆಜ್ಜೆ. ಆಮೇಲೆ ಗೋಡೆಗೆ ಹೊಸ ಸ್ಲೀವ್ ಒತ್ತಿಸಬೇಕು. ನಾಲ್ಕನೆಯ ಹೆಜ್ಜೆಗೆ ಬಂದ ಇಂಜಿನ್ 98 ಸಿಸಿಯದ್ದಲ್ಲ, ಲೆಕ್ಕ ಹಾಕಿದರೆ ಸುಮಾರು 102. ಆರ್‌ಸಿ ಪುಸ್ತಕ ಮಾತ್ರ ಕೊನೆಯವರೆಗೂ 98 ಎಂದೇ ಹೇಳುತ್ತದೆ. ಹಳೆಯ ಬೈಕು ಕೊಳ್ಳುವವನು ಕೇಳಬೇಕಾದ ಪ್ರಶ್ನೆ ಕಿಲೋಮೀಟರ್ ಎಷ್ಟು ಎಂದಲ್ಲ, ‘ಎಷ್ಟನೇ ಬೋರು?’ ಎಂದು. ಯಂತ್ರದ ವಯಸ್ಸನ್ನು ಅಳೆಯಲು ಗ್ಯಾರೇಜಿನ ಭಾಷೆ ಕಂಡುಕೊಂಡ ಈ ಮಾನಕ್ಕೆ ಕಾರ್ಖಾನೆಯ ಕೈಪಿಡಿಯಲ್ಲಿ ಸಮಾನ ಪದವಿಲ್ಲ.

ಬೋರ್ ಮಾಡಿಸುವುದರಲ್ಲಿ ಟೂ-ಸ್ಟ್ರೋಕಿಗೆ ಮಾತ್ರ ಸೇರಿದ ಒಂದು ಸೂಕ್ಷ್ಮವಿದೆ. ಹಿಗ್ಗಿಸಿದ ಮೇಲೆ ಕಿಂಡಿಗಳ ಅಂಚು ಕತ್ತಿಯಂತೆ ಹರಿತವಾಗುತ್ತದೆ. ಅದನ್ನು ಸಣ್ಣ ಅರದಿಂದ ಕೈಯಲ್ಲೇ ಮೊಂಡು ಮಾಡದಿದ್ದರೆ ರಿಂಗು ಅಂಚಿಗೆ ಸಿಕ್ಕಿ ಮುರಿಯುತ್ತದೆ. ರಿಂಗಿನ ತುದಿಗಳು ಕಿಂಡಿಗೆ ಎದುರಾಗದಂತೆ ಪಿಸ್ಟನ್ನಿನ ಗಾಡಿಯಲ್ಲಿ ಪುಟ್ಟ ಮೊಳೆಯೊಂದಿರುತ್ತದೆ, ರಿಂಗಿನ ಬಾಯಿ ಅದರ ಮೇಲೇ ಕೂರಬೇಕು. ಪಿಸ್ಟನ್ನಿನ ತಲೆಯ ಮೇಲಿನ ಬಾಣದ ಗುರುತು ಹೊಗೆಯ ಕಿಂಡಿಯ ಕಡೆಗಿರಬೇಕು. ಫೋರ್-ಸ್ಟ್ರೋಕ್ ಮಾತ್ರ ಬಲ್ಲ ಲೇತಿನವನು ಮರೆಯುವುದು ಇವನ್ನೇ. ಕ್ರ್ಯಾಂಕಿನ ಕೆಲಸ ಇನ್ನೂ ಕಠಿಣ. ಎರಡು ಚಕ್ರಗಳ ನಡುವೆ ಪಿನ್ನನ್ನು ಒತ್ತಿ ಕೂರಿಸಿದ ಕ್ರ್ಯಾಂಕ್ ಅದು. ಹೊಸ ರಾಡು, ಬೇರಿಂಗು ಹಾಕಬೇಕಾದರೆ ಪ್ರೆಸ್ಸಿನಲ್ಲಿ ಬಿಡಿಸಿ, ಮತ್ತೆ ಒತ್ತಿ, ಎರಡು ಮೊನೆಗಳ ನಡುವೆ ತಿರುಗಿಸಿ ಡಯಲ್ ಗೇಜಿನಲ್ಲಿ ಓಲಾಟ ನೋಡಿ, ತಾಮ್ರದ ಸುತ್ತಿಗೆಯಿಂದ ಹೊಡೆದು ಹೊಡೆದು ನೇರಮಾಡಬೇಕು. ಓಲಾಟ ನೂರನೆಯ ಮೂರ್ನಾಲ್ಕು ಭಾಗಕ್ಕಿಂತ ಹೆಚ್ಚಿದ್ದರೆ ಇಂಜಿನ್ ನಡುಗುತ್ತದೆ, ಸೀಲು ಬೇಗ ಹರಿಯುತ್ತದೆ. ಎಲ್ಲ ಗ್ಯಾರೇಜಿನಲ್ಲೂ ಈ ಕೆಲಸವಾಗುವುದಿಲ್ಲ. ಊರೂರಿನ ಕ್ರ್ಯಾಂಕುಗಳು ಗೋಣಿಚೀಲದಲ್ಲಿ ಬಸ್ಸೇರಿ ಬೆಂಗಳೂರಿನ ಕಲಾಸಿಪಾಳ್ಯ, ಜೆ.ಸಿ. ರಸ್ತೆಗಳ ಕಡೆಗೆ ಹೋಗುವುದು ಇದಕ್ಕಾಗಿಯೇ. ಸೈಲೆನ್ಸರಿನೊಳಗಿನ ಮಸಿಯನ್ನು ಬೆಂಕಿಗೆ ಹಿಡಿದು ಸುಟ್ಟು ಕೊಡವುವುದು ಮಾತ್ರ ಹೊಸದಾಗಿ ಸೇರಿದ ಹುಡುಗನ ಪಾಲಿಗೆ.

ಈ ವಿವರಣೆಯಲ್ಲಿ ಬಂದ ನಾಮಪದಗಳನ್ನು ಆರಿಸಿದರೆ ಹೆಚ್ಚಿನವು ಇಂಗ್ಲಿಷಿನವು: ಪಿಸ್ಟನ್, ರಿಂಗು, ಬೋರು, ಸೀಲು, ಕ್ರ್ಯಾಂಕು. ಪಾನಾ, ಗುಜರಿ, ಉಸ್ತಾದ್ ಎಂಬಂಥವು ದಖನಿಯ ದಾರಿಯಿಂದ ಬಂದವು. ಇದನ್ನು ನೋಡಿಯೇ ಗ್ಯಾರೇಜಿನ ಮಾತನ್ನು ಕಲಬೆರಕೆಯೆಂದು ಭಾಷಾಸಮೀಕ್ಷೆಗಳು ಬದಿಗಿಡುವುದುಂಟು. ಆದರೆ ಕ್ರಿಯಾಪದಗಳ ಕಡೆ ನೋಡಿದರೆ ಚಿತ್ರ ಬದಲಾಗುತ್ತದೆ. ಇಂಜಿನ್ನನ್ನು ಇಳಿಸುತ್ತಾರೆ, ಬಿಚ್ಚುತ್ತಾರೆ, ತೊಳೆಯುತ್ತಾರೆ, ಉಜ್ಜುತ್ತಾರೆ, ಬೇರಿಂಗ್ ಕೂರಿಸುತ್ತಾರೆ, ಕೊನೆಗೆ ಇಂಜಿನ್ ಕಟ್ಟುತ್ತಾರೆ. ಮನೆ ಕಟ್ಟುವ, ಮಾಲೆ ಕಟ್ಟುವ ಕನ್ನಡದ ‘ಕಟ್ಟು’ ಇಲ್ಲಿ ಬಿಡಿಯಾದದ್ದನ್ನು ಇಡಿಯಾಗಿಸುವ ತನ್ನ ಹಳೆಯ ಅರ್ಥದಲ್ಲೇ ನಿಂತಿದೆ. ಗಾಡಿ ಉಸಿರು ಕಟ್ಟುತ್ತದೆ, ಕೆಮ್ಮುತ್ತದೆ, ಹೊಗೆ ಉಗುಳುತ್ತದೆ, ಕಚ್ಚಿಕೊಳ್ಳುತ್ತದೆ. ಭಾಗಗಳ ಹೆಸರು ಪರಭಾಷೆಯದು. ರೋಗದ ಲಕ್ಷಣ, ನಿದಾನ, ಚಿಕಿತ್ಸೆ ಕನ್ನಡದವು. ಟಕಟಕ, ಕಟಕಟ, ಗುಂಯ್ ಎಂಬ ವ್ಯತ್ಯಾಸವನ್ನು ಹಿಡಿದುಕೊಡುವ ಅನುಕರಣಾವ್ಯಯಗಳು ವ್ಯಾಕರಣ ಗ್ರಂಥಗಳಲ್ಲಿ ಪಟ್ಟಿಯಾಗಿ ಬರುತ್ತವೆ, ಗ್ಯಾರೇಜಿನಲ್ಲಿ ಅವು ಪರಿಭಾಷೆ.

ಹೊಸೂರಿನಂಥ ನಾಲ್ಕು ನುಡಿಗಳ ಊರಿನಲ್ಲಿ ಈ ವಿಭಜನೆ ಇನ್ನೂ ಸ್ಪಷ್ಟ. ಬೋರ್ ಎಂಬ ನಾಮ ಎಲ್ಲರಿಗೂ ಒಂದೇ; ಅದಕ್ಕೆ ಕನ್ನಡದವನು ‘ಮಾಡು’, ತಮಿಳಿನವನು ‘ಪಣ್ಣು’, ತೆಲುಗಿನವನು ‘ಚೆಯ್ಯಿ’, ದಖನಿಯವನು ‘ಕರ್’ ಸೇರಿಸುತ್ತಾನೆ. ಇಂಜಿನ್ ಕೆಲಸ ತಮಿಳಿನಲ್ಲಿ ‘ಇಂಜಿನ್ ವೇಲೈ’, ತೆಲುಗಿನಲ್ಲಿ ‘ಇಂಜನ್ ಪನಿ’, ದಖನಿಯಲ್ಲಿ ‘ಇಂಜನ್ ಕಾ ಕಾಮ್’. ನುಡಿಗಟ್ಟಿನ ಅಚ್ಚು ಒಂದೇ, ತುಂಬಿದ ಲೋಹ ಬೇರೆ. ಒಂದೇ ನೆರಳಿನಲ್ಲಿ ಕುಳಿತು ಒಂದೇ ಸಿಲಿಂಡರಿನ ಬಗ್ಗೆ ಮಾತಾಡುವ ನಾಲ್ವರು ಪರಸ್ಪರ ಅರ್ಥ ಮಾಡಿಕೊಳ್ಳುವುದು ನಾಮಪದದಿಂದ, ತಂತಮ್ಮ ಮನೆಯನ್ನು ಉಳಿಸಿಕೊಳ್ಳುವುದು ಕ್ರಿಯಾಪದದಿಂದ. ಬಹುಭಾಷಿಕ ಸಮುದಾಯಗಳ ಅಧ್ಯಯನದಲ್ಲಿ ಎರವಲು ಪದಗಳ ಎಣಿಕೆಗೆ ಸಿಕ್ಕಿದ ಮಹತ್ತ್ವ ಈ ಎರಡನೆಯ ಅಂಶಕ್ಕೆ ಸಿಕ್ಕಿಲ್ಲವೆಂದೇ ಹೇಳಬೇಕು.

ಯಂತ್ರದ ಅವಸಾನವನ್ನು ಬರೆದದ್ದು ಕಾನೂನು. ಹೊಗೆಯೊಡನೆ ಉರಿಯದ ಪೆಟ್ರೋಲೂ ಒಂದಿಷ್ಟು ಹೊರಗೆ ಹೋಗುವುದು ಟೂ-ಸ್ಟ್ರೋಕಿನ ಹುಟ್ಟುಗುಣ. 1996ರ ಹೊಗೆ ನಿಯಮ ದ್ವಿಚಕ್ರಗಳಿಗೆ ಕಿಲೋಮೀಟರಿಗೆ 4.5 ಗ್ರಾಂ ಕಾರ್ಬನ್ ಮಾನಾಕ್ಸೈಡ್ ಎಂದು ಮಿತಿ ಹಾಕಿತು. 2000ದಲ್ಲಿ ಅದು 2 ಗ್ರಾಮಿಗೆ ಇಳಿಯಿತು. ಆರ್‌ಎಕ್ಸ್100 ಮತ್ತು ಯೆಜ್ದಿ ಎರಡೂ 1996ರಲ್ಲೇ ನಿಂತವು. 2001ರಲ್ಲಿ ಟಿವಿಎಸ್ ಮತ್ತು ಸುಜುಕಿ ಬೇರೆಯಾದವು. ಶೋಗನ್, ಸಮುರಾಯ್‌ಗಳಿಗೆ ಕಂಪನಿಯ ಬಿಡಿಭಾಗ ಕ್ರಮೇಣ ದುರ್ಲಭವಾಯಿತು. ಉಳಿದ ಗಾಡಿಗಳು ಗಡಿ ದಾಟಿ ಕೈಬದಲಾಗುವಾಗ ಕಾಗದದ ತೊಡಕೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನಂತೆ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇರುವ ವಾಹನಕ್ಕೆ ಅಲ್ಲಿನ ಹೊಸ ಗುರುತು ಪಡೆಯಬೇಕು. 15 ವರ್ಷ ಕಳೆದದ್ದಕ್ಕೆ ನೋಂದಣಿ ನವೀಕರಿಸಬೇಕು. 52ನೆಯ ಕಲಮಿನಂತೆ ಕಾರ್ಖಾನೆಯ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದು. ಆರ್‌ಎಕ್ಸ್100ಕ್ಕೆ 135ರ ಸಿಲಿಂಡರ್ ಕೂರಿಸುವ ಬಹುಪ್ರಿಯವಾದ ಪದ್ಧತಿ ಈ ಕೊನೆಯ ಕಲಮಿಗೆ ನೇರವಾಗಿ ಎದುರು. ಅತ್ತಿಬೆಲೆಯಲ್ಲಿ ಮಾತಿಗೆ ಗಡಿಯಿಲ್ಲ, ಆರ್‌ಸಿ ಪುಸ್ತಕಕ್ಕೆ ಇದೆ.

ಇದೇ ಅವಧಿಯಲ್ಲಿ ಹೊಸೂರಿನ ಕನ್ನಡದ ನೆಲೆಯೂ ಬದಲಾಯಿತು. 2006ರ ತಮಿಳು ಕಲಿಕೆ ಕಾಯಿದೆಯಿಂದ ತಮಿಳು ಎಲ್ಲ ಶಾಲೆಗಳಲ್ಲೂ ಹಂತಹಂತವಾಗಿ ಕಡ್ಡಾಯ ಮೊದಲ ಭಾಷೆಯಾಯಿತು. ಗಡಿಯ ಕನ್ನಡದ ಚರ್ಚೆ ಅಂದಿನಿಂದ ಬಹುಮಟ್ಟಿಗೆ ಶಾಲೆಯ ಸುತ್ತಲೇ ನಡೆದಿದೆ. ಅದು ಸಹಜ, ಅಗತ್ಯ ಕೂಡ. ಆದರೆ ಬೋಧನಾ ಮಾಧ್ಯಮದ ಪ್ರಶ್ನೆಯೇ ಏಳದ ಕಲಿಕೆಯ ತಾಣವೊಂದು ಗ್ಯಾರೇಜಿನ ರೂಪದಲ್ಲಿ ಅದೇ ಬೀದಿಯಲ್ಲಿತ್ತು. ಅಲ್ಲಿ ಹದಿನಾಲ್ಕು ಹದಿನೈದರ ಹುಡುಗ ‘ಅಣ್ಣಾ’ ಎಂದು ಕರೆಯುತ್ತ, ಬೈಸಿಕೊಳ್ಳುತ್ತ, ಸದ್ದಿನ ಹೆಸರನ್ನು ಸದ್ದಿನೊಡನೆಯೇ ಕಲಿಯುತ್ತಿದ್ದ. ಆ ಕಲಿಕೆಯಲ್ಲಿ ದುಡಿಮೆಯ ಶೋಷಣೆಯೂ ಇತ್ತೆಂಬುದನ್ನು ಮರೆಯಬೇಕಾಗಿಲ್ಲ. ಹಾಗೆಂದು ಅದರಿಂದ ಬಂದ ಜ್ಞಾನ ಹುಸಿಯಾಗದು.

ಈಗ ಅದೇ ಹೊಸೂರಿನಲ್ಲಿ 2021ರಿಂದ ಏಥರ್ ವಿದ್ಯುತ್ ಸ್ಕೂಟರುಗಳು ತಯಾರಾಗುತ್ತಿವೆ. ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿ ಓಲಾದ ಕಾರ್ಖಾನೆಯಿದೆ. ಇವುಗಳ ದೋಷವನ್ನು ಪತ್ತೆಹಚ್ಚುವುದು ಪರದೆಯ ಮೇಲಿನ ಸಂಕೇತದಿಂದ, ಆ ಸಂಕೇತ ಇಂಗ್ಲಿಷಿನಲ್ಲಿ. ಟೂ-ಸ್ಟ್ರೋಕ್ ಕಟ್ಟಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಹವ್ಯಾಸಿಗಳು ಹಳೆಯ ಆರ್‌ಡಿ, ಯೆಜ್ದಿಗಳನ್ನು ಹೊಸದಕ್ಕಿಂತ ಹೆಚ್ಚು ಹಣಕ್ಕೆ ಕೊಂಡು ಹೊಳಪಿಸುತ್ತಿರುವುದರಿಂದ ಆ ಕೆಲವು ಕೈಗಳಿಗೆ ತಾತ್ಕಾಲಿಕ ಬೇಡಿಕೆಯಿದೆ ಅಷ್ಟೆ. ಬಿಡಿಭಾಗಗಳಾದರೋ ನಕಲಾಗಿಯಾದರೂ ಸಿಗುತ್ತವೆ.

ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು 1962ರಲ್ಲಿ ಬೇಸಾಯದ ಮಾತುಗಳ ಮಾಂಡಲಿಕ ವೃತ್ತಿಪದಕೋಶವನ್ನು ಹೊರತಂದರು. 1971ರಲ್ಲಿ ನೇಯ್ಗೆಯ ಸಂಪುಟ ಬಂದಿತು. ನೇಗಿಲು, ಮಗ್ಗಗಳಿಗೆ ದೊರೆತ ಆ ಗೌರವ ಲೇತಿಗೆ ದೊರೆಯಬಾರದೆಂಬ ಕಾರಣವಿಲ್ಲ. ಆದರೆ ಕ್ರಮ ಬೇರೆಯಾಗಬೇಕು. ನೇಗಿಲಿನ ಭಾಗಗಳನ್ನು ಚಿತ್ರ ಬರೆದು ಹೆಸರಿಸಿದರೆ ಸಾಕಾಗುತ್ತದೆ. ಇಂಜಿನ್ನಿನ ಭಾಗಗಳಿಗೆ ಹಾಗೆ ಮಾಡಿದರೆ ಸಿಗುವುದು ಇಂಗ್ಲಿಷ್ ಪದಗಳ ಪಟ್ಟಿ ಮಾತ್ರ. ಸಂಗ್ರಹಕಾರ ಮೆಕ್ಯಾನಿಕ್ಕಿನ ಪಕ್ಕದಲ್ಲಿ ಕುಳಿತು, ಸವೆದ ಬೇರಿಂಗಿನ ಇಂಜಿನ್ನನ್ನು ಕಿಕ್ ಹೊಡೆಸಿ, ಸದ್ದನ್ನೂ ಆ ಸದ್ದಿಗೆ ಆತ ಕೊಡುವ ಹೆಸರನ್ನೂ ಒಂದೇ ಧ್ವನಿಮುದ್ರಣದಲ್ಲಿ ಹಿಡಿಯಬೇಕು. ಹೊಸ ಪಿಸ್ಟನ್ ಹಾಕಿದ ಮೇಲೆ ಮೊದಲ ಐನೂರು ಕಿಲೋಮೀಟರ್ ಹೇಗೆ ಓಡಿಸಬೇಕೆಂದು ಗಿರಾಕಿಗೆ ಹೇಳುವ ಮಾತನ್ನೂ ಬಿಡಬಾರದು. ಎರಡು ಮೂರು ನಿಮಿಷದ ಆ ಉಪದೇಶದಲ್ಲಿ ಇಡೀ ಇಂಜಿನ್ ಕೆಲಸದ ಕ್ರಿಯಾಪದಗಳೆಲ್ಲ ಒಮ್ಮೆ ಬಂದುಹೋಗುತ್ತವೆ.